ಸಂದಿಯ ಕಡೆಯ ಗೋಡೆ

ಗಾಳಿ ಮೆಟ್ಟಿತು, ತೋಟದಲ್ಲಿ ಯಾರೋ ಹೆಸರು ಹಿಡಿದು ಕೂಗಿದರು ಎಂಬಂಥ ಮಾತುಗಳನ್ನು ನಾನು ಎಂದೂ ನಂಬಿದವಳಲ್ಲ. ಮೂವತ್ತು ವರ್ಷದಿಂದ ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ಅಳತೆ ಕೊಡಲು ಬಂದ ಹೆಂಗಸರು ಕೈ ಎತ್ತಿ ನಿಂತುಕೊಂಡೇ ಇಂಥ ಕಥೆಗಳನ್ನು ಹೇಳುತ್ತಾರೆ. ನಾನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಹ್ಞೂಂ ಎನ್ನುತ್ತೇನೆ, ಅವರು ಹೋದ ಮೇಲೆ ನಗುತ್ತೇನೆ. ಈಗಲೂ ಬೇರೆಯವರ ಕಥೆ ಕೇಳಿದರೆ ನನಗೆ ನಗುವೇ ಬರುತ್ತದೆ. ನನಗೇ ಆದದ್ದನ್ನು ಮಾತ್ರ ಏನು ಮಾಡಬೇಕೋ ತಿಳಿಯದೆ, ಒಬ್ಬಳಿಗೆ ಬಿಟ್ಟರೆ ಯಾರಿಗೂ ಹೇಳದೆ, ನಾಲ್ಕು ವರ್ಷದಿಂದ ಒಳಗೇ ಇಟ್ಟುಕೊಂಡಿದ್ದೇನೆ. ಬರೆಯುವಾಗ ನನ್ನನ್ನು ಒಳ್ಳೆಯವಳನ್ನಾಗಿ ಮಾಡಿಕೊಳ್ಳುವುದಿಲ್ಲ. ಹಾಗೆ ಮಾಡಿಕೊಂಡರೆ ನಡೆದದ್ದು ಯಾರಿಗೂ ಅರ್ಥವಾಗುವುದಿಲ್ಲ.

ನಮ್ಮೂರು ತುರುವೇಕೆರೆಯಿಂದ ಸಂಪಿಗೆ ಕಡೆಗೆ ಹೋಗುವ ದಾರಿಯಲ್ಲಿದೆ. ನಮ್ಮ ಯಜಮಾನರೂ ಅವರ ಅಣ್ಣನೂ ಇಬ್ಬರೇ ಮಕ್ಕಳು. ತೋಟ ಭಾಗವಾದ ಎರಡು ವರ್ಷಕ್ಕೆ ಮನೆಯೂ ಭಾಗವಾಯಿತು. ಹಳೆಯ ಹೆಂಚಿನ ಮನೆ, ಕೊಬ್ಬರಿ ಅಟ್ಟ, ಕೊಟ್ಟಿಗೆ ಎಲ್ಲ ಭಾವನವರ ಪಾಲಿಗೆ ಹೋದವು. ಪಕ್ಕದ ಖಾಲಿ ಜಾಗ ನಮಗೆ ಬಂತು. ಅಲ್ಲಿ ನಾವು ಆರ್‌ಸಿಸಿ ಮನೆ ಕಟ್ಟಿಕೊಂಡೆವು. ಎರಡು ಮನೆಗಳ ನಡುವೆ ಉಳಿದದ್ದು ಮೂರಡಿಯ ಒಂದು ಸಂದಿ. ಭಾವನವರ ಹೆಂಡತಿಯನ್ನು ನಾನು ಅಕ್ಕ ಎಂದು ಕರೆಯುತ್ತೇನೆ. ಕರೆಯುತ್ತೇನೆ ಅಷ್ಟೇ. ಮನೆ ಭಾಗವಾದ ಮೇಲೆ ಆರು ವರ್ಷ ನಾವಿಬ್ಬರೂ ಮಾತಾಡಿರಲಿಲ್ಲ.

ಭಾಗದ ಜಗಳ ಎಲ್ಲ ಮನೆಯಲ್ಲೂ ಇರುತ್ತದೆ. ನನ್ನದು ಅದಲ್ಲ. ನನಗೆ ತಾಯಿ ಇರಲಿಲ್ಲವಾದ್ದರಿಂದ ಮೊದಲ ಹೆರಿಗೆಯಾದಾಗ ಬಾಣಂತನ ಗಂಡನ ಮನೆಯಲ್ಲೇ ಆಯಿತು. ಮಾಡಿದವಳು ಅಕ್ಕ. ಹೆಣ್ಣುಮಗು. ಡಿಸೆಂಬರ್ ಚಳಿ, ತೋಟದಿಂದ ಬೀಸುವ ಗಾಳಿಗೆ ಬೆಳಗಿನ ಹೊತ್ತು ಕೈಬೆರಳು ಮಡಚಲು ಬರುತ್ತಿರಲಿಲ್ಲ. ಊಟಕ್ಕೆ ತುಪ್ಪ ಕಮ್ಮಿ ಹಾಕುತ್ತಾಳೆ ಎಂದು ನಾನು ಯಾರಿಗೋ ಹೇಳಿದ್ದು ಅವಳ ಕಿವಿಗೆ ಬಿತ್ತು. ಮೂರು ದಿನ ಬಚ್ಚಲೊಲೆ ಹಚ್ಚಲಿಲ್ಲ. ನನ್ನ ಕೋಣೆಗೆ ತಂದಿಡುತ್ತಿದ್ದ ಕೆಂಡದ ಬಾಣಲೆಯನ್ನೂ ತರಲಿಲ್ಲ. ಕೇಳಿದರೆ, "ಮಟ್ಟೆ ಹಸಿಯಾಗವೆ, ಹತ್ತಾಕಿಲ್ಲ" ಎಂದಳು. ಕೊಟ್ಟಿಗೆಯ ಮಾಡಿನ ಕೆಳಗೆ ಆಳೆತ್ತರ ಒಣ ತೆಂಗಿನ ಮಟ್ಟೆಯ ರಾಶಿ ಇತ್ತು. ನಾಲ್ಕನೆಯ ದಿನ ಮಗುವಿನ ಪಕ್ಕೆ ಸೆಳೆಯಲು ಶುರುವಾಯಿತು. ತಿಪಟೂರಿನ ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಹೋಯಿತು. ಇಪ್ಪತ್ತೆರಡು ದಿನದ ಕೂಸು. ಒಲೆ ಹಚ್ಚಿದ್ದರೂ ನ್ಯುಮೋನಿಯ ಬರಬಹುದಿತ್ತು ಎಂದು ವೈದ್ಯರು ಹೇಳಿದರು. ಇರಬಹುದು. ಆಮೇಲೆ ನನಗೆ ಗಂಡುಮಗು ಹುಟ್ಟಿತು, ಅವನು ಬೆಳೆದು ಈಗ ಅಪ್ಪನ ಜೊತೆ ಕೊಬ್ಬರಿ ವ್ಯಾಪಾರ ನೋಡಿಕೊಳ್ಳುತ್ತಾನೆ. ಆದರೆ ಆ ಮೂರು ದಿನ ನನ್ನೊಳಗಿಂದ ಹೋಗಲಿಲ್ಲ.

ಭಾವನವರು ಬೇರೆ ತರಹದ ಮನುಷ್ಯ. ಮಾತು ಕಮ್ಮಿ. ಆ ಮಗುವನ್ನು ಬಿಳಿ ಪಂಚೆಯಲ್ಲಿ ಸುತ್ತಿಕೊಂಡು ಹೋಗಿ ತೋಟದ ಬದಿಯಲ್ಲಿ ಗುಂಡಿ ತೋಡಿದವರು ಅವರೇ. ನಮ್ಮ ಯಜಮಾನರಿಗೆ ಕೈಯೇ ಆಡಿರಲಿಲ್ಲ. ಅದಾದ ಮೇಲೆ ಒಂದು ವಾರ ನಾನು ಊಟ ಬಿಟ್ಟಾಗ ದಿನವೂ ಒಂದು ಎಳನೀರು ಕೆತ್ತಿ, ಏನೂ ಹೇಳದೆ ನನ್ನ ಬಾಗಿಲ ಮುಂದೆ ಇಟ್ಟು ಹೋಗುತ್ತಿದ್ದರು. ಹೆಂಡತಿಗೆ ಬೈದರೋ ಇಲ್ಲವೋ ನನಗೆ ಗೊತ್ತಿಲ್ಲ. ಬೈಯುವ ಜನ ಅಲ್ಲ. ಅರವತ್ತರ ಹತ್ತಿರ ಅವರಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದವು, ಮಾತು ಪೂರಾ ನಿಂತಿತು. ಆ, ಊ ಎಂಬ ಶಬ್ದವೂ ಹೊರಡುತ್ತಿರಲಿಲ್ಲ. ಹಳೆಯ ಮನೆಯ ಎತ್ತರದ ಹೊಸ್ತಿಲುಗಳನ್ನು ದಾಟಿಸಿ ಅವರನ್ನು ಬಚ್ಚಲಿಗೆ ಕರೆದೊಯ್ಯುವುದು ಅಕ್ಕನೊಬ್ಬಳ ಕೈಲಿ ಆಗದು. ಅದಕ್ಕೆ ಬಚ್ಚಲಿಗೆ ಅಂಟಿಕೊಂಡ ಹಾಗೆ ಸಿಮೆಂಟ್ ಶೀಟಿನ ಒಂದು ಕೋಣೆ ಹಾಕಿಸಿ ಅಲ್ಲಿ ಮಲಗಿಸಿದಳು. ಆ ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಸಂದಿಗೆ. ಅದರ ಎದುರು ನನ್ನ ಹೊಲಿಗೆ ಕೋಣೆಯ ಗೋಡೆ.

ನನಗೆ ಐವತ್ತು ತುಂಬುವ ಹೊತ್ತಿಗೆ ಮುಟ್ಟು ನಿಂತಿತು. ಅದರ ಜೊತೆಗೇ ಮೈಗೆ ಬೆಂಕಿ ಹತ್ತಿದ ಹಾಗೆ ಸೆಕೆ ಬರಲು ಶುರುವಾಯಿತು. ಕುತ್ತಿಗೆಯಿಂದ ಎದ್ದು ಮುಖಕ್ಕೆ ಏರಿ, ಎರಡು ನಿಮಿಷದಲ್ಲಿ ರವಿಕೆ ಪೂರಾ ಒದ್ದೆ. ಒಂದು ಸಲ ಮದುವಣಗಿತ್ತಿಯ ರೇಷ್ಮೆ ಕುಪ್ಪಸದ ಮೇಲೆ ನನ್ನ ಹಣೆಯ ಬೆವರು ಬಿದ್ದು ಕಲೆಯಾಗಿ ಮುಖ ತಗ್ಗಿಸಬೇಕಾಯಿತು. ಹೊಲಿಗೆ ಕೋಣೆಯ ತಾರಸಿ ಇಡೀ ದಿನ ಬಿಸಿಲು ಕುಡಿದು ಸಂಜೆಯ ತನಕ ಕಾರುತ್ತಿತ್ತು. ಮೊದಲು ತಾರಸಿಗೆ ಬಿಳಿ ಬಣ್ಣ ಬಳಿಸಿದೆವು, ಸ್ವಲ್ಪ ವಾಸಿ. ತೆಂಗಿನ ಸೋಗೆ ಹೊದಿಸಿದೆವು, ಇಲಿ ಸೇರಿಕೊಂಡವು. ಕೂಲರ್ ತಂದೆವು. ತಣ್ಣಗೇನೋ ಆಯಿತು, ಆದರೆ ಎರಡೇ ವಾರಕ್ಕೆ ಬಟ್ಟೆಗಳೆಲ್ಲ ತೇವ ಹಿಡಿದು ಮುಗ್ಗು ವಾಸನೆ. ಕೊನೆಗೆ ಎಸಿ ಹಾಕಿಸುವುದೆಂದು ಆಯಿತು.

ಹಾಕಲು ಬಂದವನು ತಿಪಟೂರಿನ ನಯಾಜ್, ನಲವತ್ತು ದಾಟಿದ, ಅವಸರ ಮಾಡದ ಮನುಷ್ಯ. ಕೋಣೆ ಅಳೆದ, ತಾರಸಿ ಹತ್ತಿ ನೋಡಿದ, ಒಂದು ಟನ್ ಸಾಲದು, ಒಂದೂವರೆ ಬೇಕು ಎಂದ. ಹೊರಗಿನ ಪೆಟ್ಟಿಗೆ ಎಲ್ಲಿಡುವುದು ಎಂಬ ಮಾತು ಬಂತು. ನಾನು ಸಂದಿಯ ಕಡೆಯ ಗೋಡೆ ತೋರಿಸಿದೆ.

ಅವನು ಸಂದಿಗೆ ಹೋಗಿ ಬಗ್ಗಿ ನೋಡಿ ಬಂದ. "ಬ್ಯಾಡ ಅಮ್ಮ. ಮ್ಯಾಲೆ ತಾರಸೀಲಿ ಇಡೋಣ. ಇಲ್ಲಿ ಗಾಳಿ ಆಡಾಕಿಲ್ಲ. ಬಿಟ್ಟ ಬಿಸಿಗಾಳೀನ ಅದೇ ಎಳ್ಕೊಂಡು ಆಗಾಗ ಆಫ್ ಆಯ್ತದೆ. ಮತ್ತೆ ಎದುರ್ಗಡೆ ಕಿಟಕಿ ಐತೆ. ಒಳಗೆ ಯಾರೋ ಮಲಗವ್ರೆ."

"ನಮ್ ಗ್ವಾಡೆ, ನಮ್ಮಿಷ್ಟ. ಅಲ್ಲೇ ಇಡಪ್ಪ" ಎಂದೆ.

ಅವನು ಯಜಮಾನರ ಮುಖ ನೋಡಿದ. ಅವರು ಒಂದು ಗಳಿಗೆ ನನ್ನನ್ನು ನೋಡಿ, "ಅವ್ಳು ಯೋಳ್ದಂಗೆ ಮಾಡು" ಎಂದು ಸ್ಕೂಟರ್ ಹತ್ತಿ ಹೋದರು. ಅವರಿಗೆ ಗೊತ್ತಾಗಲಿಲ್ಲ ಎಂದು ನಾನು ಹೇಳುವುದಿಲ್ಲ.

ಆ ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ನಯಾಜ್ ನನಗೆ ವಿವರವಾಗಿ ಹೇಳಿದ್ದ. ಅದು ತಂಪನ್ನು ಎಲ್ಲಿಂದಲೋ ಹುಟ್ಟಿಸುವುದಿಲ್ಲ. ಕೋಣೆಯೊಳಗಿನ ಶಾಖವನ್ನು ಎತ್ತಿಕೊಂಡು ಹೋಗಿ ಹೊರಗೆ ಸುರಿಯುತ್ತದೆ, ಅದರ ಜೊತೆಗೆ ತನ್ನ ಶಾಖವನ್ನೂ ಸೇರಿಸುತ್ತದೆ. ಇದನ್ನು ತಿಳಿದೇ ನಾನು ಮಾರ್ಚಿನಿಂದ ಬೆಳಿಗ್ಗೆ ಒಂಬತ್ತಕ್ಕೆ ಹಾಕಿದರೆ ಸಂಜೆ ಆರರವರೆಗೆ ಆರಿಸುತ್ತಿರಲಿಲ್ಲ. ನಾನು ಅಡುಗೆಮನೆಯಲ್ಲಿದ್ದಾಗಲೂ ಖಾಲಿ ಕೋಣೆಯಲ್ಲಿ ಅದು ಓಡುತ್ತಿತ್ತು. ಸಂದಿಯಲ್ಲಿ ಅದರ ರೆಕ್ಕೆ ತಿರುಗುವ ಸದ್ದು ಕೇಳಿದರೆ ನನಗೆ ಹಾಯೆನಿಸುತ್ತಿತ್ತು. ಮೈಗೆ ತಂಪಾದದ್ದಕ್ಕಿಂತ ಅದು ಹೆಚ್ಚಿನ ಹಾಯಿ.

ಏಪ್ರಿಲ್ ನಡುವಿನಲ್ಲಿ ಅಕ್ಕ ನಮ್ಮ ಬಾಗಿಲಿಗೆ ಬಂದಳು. ಆರು ವರ್ಷದಲ್ಲಿ ಮೊದಲ ಸಲ. ಒಳಗೆ ಬರಲಿಲ್ಲ. ಹೊಸ್ತಿಲ ಆಚೆ ನಿಂತು ಸೆರಗಿನ ತುದಿ ಹಿಡಿದುಕೊಂಡಿದ್ದಳು.

"ಆ ಪೆಟ್ಟಿಗೇನ ಒಸಿ ಮ್ಯಾಕೆ ಎತ್ಸೇ" ಎಂದಳು. "ಕಿಟಕಿ ತೆಗುದ್ರೆ ಒಲೆ ಮುಂದೆ ಕುಂತಂಗೆ ಆಯ್ತದೆ. ಮುಚ್ಚಿದ್ರೆ ಉಸ್ರು ಕಟ್ತದೆ. ಅವ್ರಿಗೆ ಬೆವರು ಒರೆಸ್ಕೊಳಾಕೂ ಕೈ ಬರಾಕಿಲ್ಲ ಕಣೇ. ಬೆನ್ನೆಲ್ಲ ಕೆಂಪು ಗುಳ್ಳೆ ಎದ್ದವೆ."

ಈ ಮಾತಿಗಾಗಿ ನಾನು ಇಪ್ಪತ್ತೆಂಟು ವರ್ಷ ಕಾದಿದ್ದೆ ಎಂದು ನನಗೆ ಆವಾಗ ಗೊತ್ತಾಯಿತು. "ಆವತ್ತು ಮಟ್ಟೆ ಹಸಿಯಾಗಿತ್ತಲ್ಲಕ್ಕ. ಈಗ ಒಣಗೈತೆ ಬುಡು" ಎಂದೆ.

ಅವಳಿಗೆ ತಕ್ಷಣ ಅರ್ಥವಾಯಿತು. ಮುಖ ಬಿಳಿಚಿಕೊಂಡಿತು. ತಿರುಗಿ ಹೋದಳು. ಮಾರನೆಯ ದಿನ ಅವಳ ಕಿಟಕಿಗೆ ಒದ್ದೆ ಗೋಣಿಚೀಲ ನೇತುಬಿದ್ದಿತು. ಗಂಟೆಗೊಮ್ಮೆ ಬಂದು ಅದಕ್ಕೆ ನೀರು ಎರಚುವುದು ಕೇಳುತ್ತಿತ್ತು. ನಾನು ರಿಮೋಟ್ ತೆಗೆದುಕೊಂಡು ಇಪ್ಪತ್ತನಾಲ್ಕು ಇದ್ದದ್ದನ್ನು ಹದಿನೆಂಟಕ್ಕೆ ಇಳಿಸಿದೆ.

ಅದಾಗಿ ಒಂದು ವಾರಕ್ಕೆ ನನ್ನ ಕೋಣೆಯಲ್ಲಿ ವಾಸನೆ ಶುರುವಾಯಿತು. ಎಸಿಯಿಂದ ಬರುವ ಗಾಳಿಯಲ್ಲಿ ನೋವಿನ ಎಣ್ಣೆಯ ಘಾಟು, ಫಿನಾಯಿಲ್, ಅದರ ಕೆಳಗೆ ಬಹಳ ದಿನ ಮಲಗಿದ ಮೈಯ ವಾಸನೆ. ರೋಗಿ ಇರುವ ಮನೆಯ ವಾಸನೆ ಯಾರಿಗೂ ತಪ್ಪುವುದಿಲ್ಲ. ಅಳತೆಗೆ ಬಂದ ಒಬ್ಬ ಹೆಂಗಸು, "ಮನೇಲಿ ಯಾರಿಗೇನು ಹುಷಾರಿಲ್ವಾ?" ಎಂದು ಕೇಳಿಯೇ ಬಿಟ್ಟಳು. ನನ್ನ ಮೂಗಿನ ಭ್ರಮೆಯಲ್ಲ ಎಂಬುದಕ್ಕೆ ಇದನ್ನು ಬರೆದೆ.

ನಯಾಜ್ ಬಂದ. ಫಿಲ್ಟರ್ ಬಿಚ್ಚಿ ತೊಳೆದ. ಒಳಗಿನ ಕಾಯಿಲ್‌ಗೆ ನೀರು ಹೊಡೆದ. ನೀರು ಹೋಗುವ ಪೈಪಿನಲ್ಲಿ ಏನಾದರೂ ಸತ್ತಿದೆಯೇ ನೋಡಿದ. ಪೈಪು ಗೋಡೆ ದಾಟುವ ತೂತಿನಿಂದ ಸಂದಿಯ ಗಾಳಿ ಬರುತ್ತಿರಬಹುದೆಂದು ನಾನೇ ಹೇಳಿದೆ. ಅದಕ್ಕೂ ಪುಟ್ಟಿ ಮೆತ್ತಿದ. ಎರಡು ದಿನ ಇರಲಿಲ್ಲ, ಮೂರನೆಯ ದಿನ ಮತ್ತೆ ಬಂತು. ಎರಡನೆಯ ಸಲ ಕರೆಸಿದಾಗ ಅವನು ಏಣಿಯ ಮೇಲೆ ನಿಂತು ಯಂತ್ರದ ಬಾಯಿಗೆ ಮೂಗು ಹಿಡಿದ. ಅವನ ಮುಖ ಒಂದು ತರಹ ಆಯಿತು.

"ಇದು ಹೊರಗಿನ ಗಾಳಿ ಒಳಕ್ಕೆ ತರೋ ಮಷೀನೇ ಅಲ್ಲಮ್ಮ. ಈ ರೂಮಿನ ಗಾಳೀನೇ ಸುತ್ತಿಸ್ತದೆ" ಎಂದ. ಕೆಳಗಿಳಿದು ಕೈ ಒರೆಸಿಕೊಂಡ. "ಅದನ್ನ ತಾರಸಿಗೆ ಎತ್ತುಬುಡಿ. ನಾನೇ ಬಂದು ಎತ್ಕೊಡ್ತೀನಿ."

ಆಮೇಲೆ ನೋಡೋಣ ಎಂದೆ. ಊದಿನಕಡ್ಡಿ ಹಚ್ಚಿಟ್ಟು ಹೊಲಿಯಲು ಕೂತೆ.

ಆ ದಿನ ಬಂದದ್ದು ಮೇ ಮೊದಲ ವಾರದಲ್ಲಿ. ಬೆಳಿಗ್ಗೆ ಎಂಟೂವರೆಗೆ ಅಕ್ಕ ಕೈಚೀಲ ಹಿಡಿದು, ಬಾಗಿಲಿಗೆ ಚಿಲಕ ಹಾಕಿ ಬಸ್ಸಿಗೆ ಹೋದದ್ದನ್ನು ನಾನು ವರಾಂಡದಿಂದ ನೋಡಿದೆ. ತಿಂಗಳಿಗೊಮ್ಮೆ ತುರುವೇಕೆರೆಗೆ ಹೋಗಿ ಮಾತ್ರೆ ತರುತ್ತಾಳೆ, ಎರಡು ಗಂಟೆಯಲ್ಲಿ ವಾಪಸ್ಸು. ಅವಳ ಒಬ್ಬಳೇ ಮಗಳನ್ನು ಕಂದಿಕೆರೆಗೆ ಕೊಟ್ಟಿದೆ. ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಭಾವನವರು ಒಬ್ಬರೇ ಇದ್ದಾರೆ, ಗೋಣಿಚೀಲಕ್ಕೆ ನೀರೆರಚುವವರು ಯಾರೂ ಇಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಒಂಬತ್ತಕ್ಕೆ ಎಂದಿನಂತೆ ಎಸಿ ಹಾಕಿದೆ. ಹದಿನೆಂಟಕ್ಕೇ ಹಾಕಿದೆ.

ಹನ್ನೊಂದಕ್ಕೆ ಕರೆಂಟು ಹೋಯಿತು. ಟ್ರಾನ್ಸ್‌ಫಾರ್ಮರ್ ಕೆಲಸವಿದೆ, ಸಂಜೆವರೆಗೆ ಬರುವುದಿಲ್ಲ ಎಂದು ಲೈನ್‌ಮನ್ ಹಿಂದಿನ ದಿನವೇ ಹೇಳಿದ್ದ. ಕೋಣೆಯ ತಂಪು ಒಂದು ಗಂಟೆ ಹಿಡಿದಿದ್ದು ಆಮೇಲೆ ಹೋಯಿತು. ಯಜಮಾನರೂ ಮಗನೂ ತಿಪಟೂರಿಗೆ ಹೋಗಿದ್ದರು. ನಾನು ಊಟ ಮಾಡಿ, ಮದುವೆ ಮನೆಯ ಆರು ರವಿಕೆ ಕೊಡುವುದಿತ್ತೆಂದು ಮತ್ತೆ ಕೂತೆ. ನನ್ನದು ಕಾಲಲ್ಲಿ ತುಳಿಯುವ ಮೆಷಿನ್. ಊರೆಲ್ಲ ಮಲಗಿತ್ತು. ಫ್ಯಾನಿಲ್ಲ, ಮೋಟಾರಿಲ್ಲ, ನಾಯಿಗಳೂ ಬೊಗಳುತ್ತಿರಲಿಲ್ಲ.

ಎರಡು ಗಂಟೆಯ ಹೊತ್ತಿಗೆ ತಲೆಯ ಮೇಲೆ ಗಾಳಿ ಬಂತು. ನಾನು ಹೊಲಿಯುತ್ತಲೇ ಕರೆಂಟು ಬಂತು ಎಂದುಕೊಂಡೆ. ಆಮೇಲೆ ಅದು ತಣ್ಣಗಿಲ್ಲ ಎಂದು ಗಮನಿಸಿದೆ. ಬೆಚ್ಚಗಿತ್ತು, ಒದ್ದೆಯಾಗಿತ್ತು. ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ತಲೆಯೆತ್ತಿ ನೋಡಿದೆ. ಸ್ಟೆಬಿಲೈಜರಿನ ದೀಪ ಆರಿತ್ತು. ಎಸಿಯ ರೆಕ್ಕೆ ಮುಚ್ಚಿಕೊಂಡೇ ಇತ್ತು. ಆ ಮುಚ್ಚಿದ ರೆಕ್ಕೆಯ ಸಂದಿನಿಂದ ಗಾಳಿ ಬರುತ್ತಿತ್ತು. ಅದು ಉಸಿರಾಡುವ ಲಯ. ಜ್ವರ ಬಂದವರ ಬಾಯಿಯ ಹತ್ತಿರ ಕೂತವರಿಗೆ ಅದು ತಿಳಿಯುತ್ತದೆ.

ಎದ್ದು ಹೋಗಿ ಮೇನ್ ಸ್ವಿಚ್ಚನ್ನೇ ಆರಿಸಿ ಬಂದೆ. ನಿಲ್ಲಲಿಲ್ಲ. ಕುರ್ಚಿ ಹತ್ತಿ ಕೈ ಹಿಡಿದೆ. ಅಂಗೈ ಬೆವರಿತು.

ಆಗ ಮಾತು ಕೇಳಿತು. "ಪುಟ್ತಾಯೀ."

ಆ ಹೆಸರಿನಿಂದ ನನ್ನನ್ನು ಕರೆಯುತ್ತಿದ್ದವರು ಒಬ್ಬರೇ. ಹತ್ತೊಂಬತ್ತು ವರ್ಷಕ್ಕೆ ಸೊಸೆಯಾಗಿ ಬಂದ ದಿನದಿಂದ ಭಾವನವರು ಹಾಗೆ ಕರೆಯುತ್ತಿದ್ದರು. ಮಿಕ್ಕವರಿಗೆಲ್ಲ ನಾನು ಚಿಕ್ಕೋಳು. ದನಿ ಬಲಹೀನವಾಗಿತ್ತು, ಆದರೆ ತೊದಲಿರಲಿಲ್ಲ. ಮೂರು ವರ್ಷದಿಂದ ಬಾಯಿ ಬಿಡದವರ ದನಿಯಲ್ಲ ಅದು. ಕೊಟ್ಟಿಗೆಯಿಂದ ಏನಾದರೂ ಬೇಕಾದಾಗ ಕರೆಯುತ್ತಿದ್ದರಲ್ಲ, ಆ ದನಿ. ಕಿಟಕಿಯ ಕಡೆಯಿಂದ ಬರಲಿಲ್ಲ. ಕಿಟಕಿ ನನ್ನ ಎಡಕ್ಕಿತ್ತು, ಮುಚ್ಚಿತ್ತು. ಇದು ಬಂದದ್ದು ನೆತ್ತಿಯ ಮೇಲಿನಿಂದ, ಆ ಬೆಚ್ಚಗಿನ ಗಾಳಿಯ ಜೊತೆಗೆ.

"ಪುಟ್ತಾಯೀ, ನೀರು."

ಈಗ ನಾನು ಏನು ಮಾಡಿದೆ ಎಂದು ಹೇಳಬೇಕು. ಅಕ್ಕ ಇನ್ನೂ ಬಂದಿರಲಿಲ್ಲ. ಸಂದಿ ಮೂರಡಿ. ಅವರ ಬಾಗಿಲಿಗೆ ಹಾಕಿದ್ದು ಬರೀ ಚಿಲಕ, ಬೀಗವಲ್ಲ. ಹೊರಗೆ ಹೋಗಿ ಬಳಸಿ ಬಂದರೂ ನಲವತ್ತು ಹೆಜ್ಜೆ. ನನ್ನ ಮೇಜಿನ ಮೇಲೆ ತಂಬಿಗೆಯಲ್ಲಿ ನೀರಿತ್ತು. ನಾನು ಹೋಗಲಿಲ್ಲ. ಹೆದರಿ ಹೋಗಲಿಲ್ಲ ಎಂದು ಬರೆದರೆ ಓದುವವರು ಒಪ್ಪುತ್ತೀರಿ. ಹೆದರಿಕೆ ಇತ್ತು, ಸುಳ್ಳಲ್ಲ. ಆದರೆ ಅದರ ಅಡಿಯಲ್ಲಿ, ಕೇಳಲಿ, ಕೇಳಿಕೊಳ್ಳಲಿ, ಎಂಬ ಇನ್ನೊಂದಿತ್ತು. ಅದು ಅವರ ಮೇಲಿನ ಸಿಟ್ಟಲ್ಲ. ಅವರ ಮೇಲೆ ನನಗೆ ಎಂದೂ ಸಿಟ್ಟಿರಲಿಲ್ಲ.

ಕೂತು ಮೆಷಿನ್ ತುಳಿದೆ. ಮೈಯ ಬಲವೆಲ್ಲ ಬಿಟ್ಟು ತುಳಿದೆ. ಮತ್ತೆ ಎರಡು ಸಲ ಕೇಳಿತು, ಮೂರನೆಯದು ಮೆಷಿನ್ನಿನ ಸದ್ದಿನಲ್ಲಿ ಕೇಳಿತೋ ಇಲ್ಲವೋ ತಿಳಿಯದು. ಎಷ್ಟು ಹೊತ್ತು ತುಳಿದೆನೋ ಗೊತ್ತಿಲ್ಲ. ನಿಲ್ಲಿಸಿದಾಗ ಗಾಳಿ ನಿಂತಿತ್ತು. ಸೂಜಿಯ ದಾರ ಯಾವಾಗಲೋ ಕಿತ್ತುಹೋಗಿತ್ತು. ರವಿಕೆಯ ತೋಳಿನುದ್ದಕ್ಕೂ ಬರೀ ತೂತುಗಳ ಸಾಲು.

ಅಕ್ಕ ಹಿಂತಿರುಗುವ ಹೊತ್ತಿಗೆ ನಾಲ್ಕು ದಾಟಿತ್ತು. ಮಾತ್ರೆ ಕೊಡುವಲ್ಲಿ ಸಾಲು ದೊಡ್ಡದಿತ್ತಂತೆ, ಆಮೇಲೆ ಮಧ್ಯಾಹ್ನದ ಬಸ್ಸು ಬರಲಿಲ್ಲವಂತೆ. ಅವಳು ಕೂಗಿಕೊಂಡದ್ದು ಕೇಳಿ ಕೇರಿಯವರೆಲ್ಲ ಓಡಿದರು. ನಾನೂ ಹೋದೆ. ಆ ಕೋಣೆಗೆ ಕಾಲಿಟ್ಟದ್ದು ಅದೇ ಮೊದಲು. ಭಾವನವರು ಮಂಚದಿಂದ ಅರ್ಧ ಜಾರಿದ್ದರು. ಎಡಗೈ ಕಿಟಕಿಯ ಕಂಬಿಯ ಕಡೆ ಚಾಚಿತ್ತು. ಗೋಣಿಚೀಲ ಒಣಗಿ ಹಪ್ಪಳದ ಹಾಗೆ ಸೆಟೆದಿತ್ತು. ಕರೆಂಟು ಹೋಗಿ ಐದು ಗಂಟೆಯಾಗಿದ್ದರೂ ಕೋಣೆಯೊಳಗೆ ನಿಲ್ಲಲು ಆಗುತ್ತಿರಲಿಲ್ಲ. ತಲೆಯ ಹತ್ತಿರದ ಲೋಟ ತುಂಬಿತ್ತು. ಬಲಗೈ ಕಡೆ ಇತ್ತು.

ಐದು ಗಂಟೆಗೆ ವೈದ್ಯರು ಬಂದು ಕೈ ಮಡಚಿ ನೋಡಿ, ಪ್ರಾಣ ಹೋಗಿ ಆರೇಳು ಗಂಟೆಯಾದರೂ ಆಗಿರಬೇಕು ಎಂದರು. ನಾನು ಬೆರಳೆಣಿಸಿದೆ. ಹತ್ತರಿಂದ ಹನ್ನೊಂದರ ಒಳಗೆ. ನನಗೆ ಕೇಳಿದ್ದು ಎರಡಕ್ಕೆ.

ಇಲ್ಲಿಗೆ ನಿಂತಿದ್ದರೆ ಇದನ್ನು ಸತ್ತವರು ಕರೆದ ಕಥೆ ಎಂದು ಒಪ್ಪಿಕೊಂಡು ಸುಮ್ಮನಾಗುತ್ತಿದ್ದೆನೋ ಏನೋ. ಆದರೆ ಸೆಕೆಯ ಕೋಣೆಯಲ್ಲಿ ದೇಹ ಬೇಗ ಸೆಟೆಯುತ್ತದೆ, ಹೊತ್ತು ಹೇಳುವುದು ಕಷ್ಟ ಎಂದು ಆಮೇಲೆ ಯಾರೋ ತಿಳಿದವರು ಹೇಳಿದರು. ಹಾಗಾದರೆ ವೈದ್ಯರ ಲೆಕ್ಕ ತಪ್ಪಿದ್ದಿರಬಹುದು. ಎರಡು ಗಂಟೆಗೆ ಅವರಲ್ಲಿ ಜೀವ ಇದ್ದಿರಬಹುದು. ಸಾಯುವ ಗಳಿಗೆಯಲ್ಲಿ ಹೇಗೋ ನಾಲಗೆ ಬಿಚ್ಚಿಕೊಂಡು ನನ್ನನ್ನೇ ಕೂಗಿರಬಹುದು. ಮೊದಲನೆಯದು ನಿಜವಾದರೆ ನಾನು ನಗುತ್ತಿದ್ದ ಕಥೆಗಳೆಲ್ಲ ನಿಜ. ಎರಡನೆಯದಾದರೆ ನಾನು ಏನೆಂದು ನನಗೆ ಗೊತ್ತು. ಯಾವುದು ನಿಜವಾಗಲಿ ಎಂದು ಬಯಸಬೇಕೋ ನನಗೆ ಇಂದಿಗೂ ತೋಚಿಲ್ಲ. ಅದೂ ಅಲ್ಲದೆ, ಎರಡರಲ್ಲಿ ಯಾವುದಾದರೂ ಆ ದನಿ ತಣ್ಣಗೆ ಸತ್ತುಬಿದ್ದಿದ್ದ ಯಂತ್ರದಿಂದ ಹೇಗೆ ಬಂತು ಎಂಬುದು ಹಾಗೇ ಉಳಿಯುತ್ತದೆ.

ಕಾರ್ಯ ಮುಗಿದ ಮೇಲೆ ಯಜಮಾನರು ನನ್ನನ್ನು ಕೇಳದೆ ನಯಾಜನನ್ನು ಕರೆಸಿ ಪೆಟ್ಟಿಗೆಯನ್ನು ತಾರಸಿಗೆ ಎತ್ತಿಸಿದರು. ಅಂದಿನಿಂದ ಅದು ಒಂದು ದಿನವೂ ಕೆಟ್ಟಿಲ್ಲ. ವಾಸನೆಯೂ ಇಲ್ಲ. ಅದೇ ಯಂತ್ರವನ್ನು ಈಗಲೂ ಬಳಸುತ್ತೇನೆ. ಏನು ಮಾಡಲಿ, ಸೆಕೆ ತಡೆಯುವುದಿಲ್ಲ.

ವರ್ಷದ ತಿಥಿಗೆ ಇನ್ನೂ ಒಂದು ತಿಂಗಳಿದ್ದಾಗ ನಾನು ಅಕ್ಕನ ಹಿತ್ತಿಲಿಗೆ ಹೋದೆ. ಅವಳು ಕೊಬ್ಬರಿ ಒಡೆದ ಚಿಪ್ಪುಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಕೂರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಹದಿನೆಂಟಕ್ಕೆ ಹಾಕಿದ್ದು, ಗಾಳಿ ಬಂದದ್ದು, ದನಿ, ಹೋಗದೆ ಇದ್ದದ್ದು. ಹೊಡೆಯಲಿ ಎಂದೇ ಹೋಗಿದ್ದೆ. ಅವಳ ಕೈಗೆ ಸಿಗುವಷ್ಟು ಹತ್ತಿರ ನಿಂತಿದ್ದೆ.

ಅವಳು ಹೊಡೆಯಲಿಲ್ಲ. ಎಸಿಯ ಮಾತು ಅವಳ ಕಿವಿಗೇ ಬಿದ್ದಿರಲಿಲ್ಲ ಎನ್ನುವ ಹಾಗೆ, "ಮಾತಾಡುದ್ರಾ?" ಎಂದಳು.

"ಹ್ಞೂಂ ಅಕ್ಕ."

"ಏನಂದ್ರು?"

"ಪುಟ್ತಾಯೀ, ನೀರು, ಅಂದ್ರು."

ಚೀಲ ಅವಳ ಕೈಯಿಂದ ಜಾರಿತು. "ಮೂರು ವರ್ಸ ಕಣೇ" ಎಂದಳು. "ದಿನಾ ಬೆಳಗಾನ ಅವ್ರ ಬಾಯಿ ಮುಂದೆ ಕುಂತ್ಕತಿದ್ದೆ. ಒಂದ್ಸಲ ನನ್ನೆಸ್ರು ಅನ್ರೀ, ಬೈದಾದ್ರೂ ಅನ್ರೀ ಅಂತ. ಕಣ್ಣಲ್ಲಿ ನೀರು ಬರ್ತಿತ್ತು, ಮಾತು ಬರ್ನಿಲ್ಲ." ಆಮೇಲೆ ತಲೆಯೆತ್ತಿದಳು. ಅವಳ ಕಣ್ಣಿನಲ್ಲಿ ಕಂಡದ್ದನ್ನು ಅವಳ ಮುಖದಲ್ಲಿ ನಾನು ಮೊದಲೆಂದೂ ಕಂಡಿರಲಿಲ್ಲ. ಅದು ಆಸೆ. "ಆಮ್ಯಾಕಾದ್ರೂ ನನ್ನೆಸ್ರು ಏನಾರ ಅಂದ್ರಾ? ನೆಪ್ಪು ಮಾಡ್ಕೊಂಡು ಯೋಳು."

ಅಂದರು ಅಕ್ಕ, ಎಂದು ಹೇಳುವುದಕ್ಕೆ ಎಷ್ಟು ಹೊತ್ತು ಬೇಕು? ಕೊನೆಗೆ ಮೆಷಿನ್ನಿನ ಸದ್ದಿನಲ್ಲಿ ಕೇಳಿದ್ದು ಏನೆಂದು ನನಗೇ ಖಚಿತವಿರಲಿಲ್ಲ. ಅದು ಅವಳ ಹೆಸರೇ ಆಗಿದ್ದರೂ ಆಗಿರಬಹುದು. ಸುಳ್ಳು ಕೂಡ ಆಗುತ್ತಿರಲಿಲ್ಲ.

"ಇಲ್ಲ" ಎಂದೆ.

ನಿಜ ಹೇಳಬೇಕೆಂದು ಹಾಗೆಂದೆನೋ, ಇನ್ನಷ್ಟು ಬೇಯಲಿ ಎಂದು ಅಂದೆನೋ ನನಗೆ ಗೊತ್ತಿಲ್ಲ. ಬಾಯಿಂದ ಬಂದದ್ದು ಅದು.

ಅವಳು ಕೂತು ಚೆಲ್ಲಿದ ಚಿಪ್ಪುಗಳನ್ನು ಮತ್ತೆ ಚೀಲಕ್ಕೆ ತುಂಬಿದಳು. "ಅವ್ರು ಎಂಗಂದ್ರೋ ಅಂಗೇ ಇನ್ನೊಂದ್ಸಲ ಅನ್ನು" ಎಂದಳು. ನಾನು ಆ ದನಿ ಎಷ್ಟು ಬರುತ್ತದೋ ಅಷ್ಟು ತಂದುಕೊಂಡು ಹೇಳಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಎದ್ದು ಚೀಲದ ಬಾಯಿ ಕಟ್ಟಿದಳು.

"ಅವ್ರ್ ದನಿ ಅಂಗಿರ್ನಿಲ್ಲ ಕಣೇ" ಎಂದು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹಾಗೇ ಇತ್ತು, ನನಗೆ ಗೊತ್ತು, ಎಂದು ಅಲ್ಲೇ ನಿಂತು ಅಂದುಕೊಂಡೆ. ಮನೆಗೆ ಬಂದು ಸಾಬೀತು ಮಾಡಿಕೊಳ್ಳಲು ಅವರ ಹಳೆಯ ಮಾತುಗಳನ್ನು ನೆನೆಸಿಕೊಳ್ಳಲು ಹೋದೆ. ಮದುವೆಯಲ್ಲಿ ಆಡಿದ್ದು, ತೋಟದಿಂದ ಕೂಗಿ ಹೇಳಿದ್ದು, ಆ ಡಿಸೆಂಬರಿನಲ್ಲಿ ಆಸ್ಪತ್ರೆಯ ಮೆಟ್ಟಿಲ ಮೇಲೆ ನನಗೆ ಹೇಳಿದ ಒಂದು ಸಮಾಧಾನದ ಮಾತು. ಮಾತುಗಳು ನೆನಪಿಗೆ ಬಂದವು, ದನಿ ಬರಲಿಲ್ಲ. ಈಗಲೂ ಬರುವುದಿಲ್ಲ. ಅಷ್ಟು ವರ್ಷ ಕೇಳಿದ ಮನುಷ್ಯನ ದನಿಯಲ್ಲಿ ನನಗೆ ಉಳಿದಿರುವುದು ಆ ಮಧ್ಯಾಹ್ನದ್ದೊಂದೇ. ಅದು ಯಾರದೆಂದು ಹೇಳಬಲ್ಲವಳು ಒಬ್ಬಳೇ ಇದ್ದಳು, ಅವಳು ಅವರದಲ್ಲ ಎಂದುಬಿಟ್ಟಳು.